ಕಾರಿನ ಎ.ಸಿ.ಯಲ್ಲಿ ಮುಗ್ಗಲು ವಾಸನೆ: ಕಾರಣ, ಪರಿಹಾರ ಮತ್ತು ವರ್ತಕರ ಹೊಣೆ

ಮುಂಗಾರು ಕಾಲಿಟ್ಟು ಕೆಲವು ವಾರಗಳು ಕಳೆಯುವಷ್ಟರಲ್ಲಿ ಕರಾವಳಿ ಮತ್ತು ಮಲೆನಾಡಿನ ಗ್ಯಾರೇಜುಗಳಿಗೆ ಒಂದು ದೂರು ತಪ್ಪದೆ ಬರತೊಡಗುತ್ತದೆ. ಕಾರಿನ ಎ.ಸಿ. ಚೆನ್ನಾಗಿ ತಂಪು ನೀಡುತ್ತಿದೆ, ಆದರೆ ಗುಂಡಿ ಒತ್ತಿದ ಮೊದಲ ಎರಡು ಮೂರು ನಿಮಿಷ ಒದ್ದೆ ಗೋಣಿಚೀಲದಂತೆ, ಒಣಗದ ಕಾಲುಚೀಲದಂತೆ ಮುಗ್ಗಲು ವಾಸನೆ ಬರುತ್ತದೆ ಎಂಬುದೇ ಆ ದೂರು. ಮನೆಯ ಉಪಯೋಗದ ಕಾರಿನಲ್ಲಿ ಇದೊಂದು ಕಿರಿಕಿರಿಯಷ್ಟೇ ಆಗಿರಬಹುದು. ಆದರೆ ಹೊರ ಊರಿನ ಖರೀದಿದಾರರನ್ನು ವಿಮಾನ ನಿಲ್ದಾಣದಿಂದ ಕಾರ್ಖಾನೆಗೆ ಕರೆತರುವ ಉದ್ಯಮಿಗೆ, ಹತ್ತಾರು ಬಾಡಿಗೆ ಕಾರುಗಳನ್ನು ನಡೆಸುವ ಮಾಲೀಕರಿಗೆ, ದಿನಕ್ಕೆ ಹತ್ತು ಗಂಟೆ ಅದೇ ಗಾಳಿಯನ್ನು ಉಸಿರಾಡುವ ಚಾಲಕನಿಗೆ ಇದು ವ್ಯವಹಾರದ ಮತ್ತು ಆರೋಗ್ಯದ ಪ್ರಶ್ನೆಯಾಗುತ್ತದೆ. ವಾಹನದ ಬಾಗಿಲು ತೆರೆದ ಕ್ಷಣದಲ್ಲಿ ಮೂಗಿಗೆ ಬಡಿಯುವ ವಾಸನೆ, ಅತಿಥಿಯ ಮನಸ್ಸಿನಲ್ಲಿ ಸಂಸ್ಥೆಯ ಬಗ್ಗೆ ಮೂಡುವ ಮೊದಲ ಅಭಿಪ್ರಾಯವೂ ಹೌದು.

ವಿಷಾದದ ಸಂಗತಿಯೆಂದರೆ, ಈ ತೊಂದರೆಯ ನಿವಾರಣೆಗಾಗಿ ಮಾಲೀಕರು ಖರ್ಚು ಮಾಡುವ ಹಣದಲ್ಲಿ ಗಣನೀಯ ಪಾಲು ಸಂಬಂಧವೇ ಇಲ್ಲದ ಕೆಲಸಗಳಿಗೆ ವ್ಯಯವಾಗುತ್ತದೆ. ಸುಗಂಧದ ಬಾಟಲಿ, ಅನಗತ್ಯವಾಗಿ ಗ್ಯಾಸ್ ತುಂಬಿಸುವುದು, ಕೊನೆಗೆ ಡ್ಯಾಶ್‌ಬೋರ್ಡ್ ಬಿಚ್ಚಿಸುವುದು, ಹೀಗೆ ಖರ್ಚು ಏರುತ್ತಾ ಹೋಗುತ್ತದೆ. ಮರುವರ್ಷದ ಮಳೆಗಾಲಕ್ಕೆ ವಾಸನೆ ಮತ್ತೆ ಹಾಜರಾಗುತ್ತದೆ. ವಾಸನೆ ಹುಟ್ಟುವ ಬಗೆಯನ್ನು ಒಮ್ಮೆ ಅರಿತರೆ ಇವುಗಳಲ್ಲಿ ಬಹುಪಾಲು ಖರ್ಚನ್ನು ತಪ್ಪಿಸಬಹುದು.

ತೇವಾಂಶ ನಿಯಂತ್ರಣಕ್ಕಾಗಿ ಹುಟ್ಟಿದ ಯಂತ್ರ

ಹವಾನಿಯಂತ್ರಣ ಯಂತ್ರವು ಮೊದಲು ರೂಪುಗೊಂಡದ್ದು ಮನುಷ್ಯನಿಗೆ ತಂಪು ನೀಡಲು ಅಲ್ಲ, ಒಂದು ಉದ್ಯಮದ ಕಷ್ಟವನ್ನು ಪರಿಹರಿಸಲು ಎಂಬುದು ವರ್ತಕರಿಗೂ ತಯಾರಕರಿಗೂ ಸ್ವಾರಸ್ಯಕರವೆನಿಸೀತು. ಅಮೆರಿಕದ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಬೇಸಿಗೆಯ ಆರ್ದ್ರತೆಯಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಮುದ್ರಿಸಬೇಕಾದ ಬಣ್ಣಗಳು ಸ್ಥಾನ ತಪ್ಪುತ್ತಿದ್ದವು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಗಾಳಿಯನ್ನು ತಣ್ಣನೆಯ ಸುರುಳಿಗಳ ಮೇಲೆ ಹಾಯಿಸಿ ತೇವಾಂಶವನ್ನು ಹಿಡಿತದಲ್ಲಿಡುವ ವ್ಯವಸ್ಥೆಯನ್ನು ಅಲ್ಲಿಗೆ ವಿನ್ಯಾಸ ಮಾಡಿದನು. ಪ್ಯಾಕಾರ್ಡ್ ಕಂಪನಿಯು 1939ರಲ್ಲಿ ಪ್ರದರ್ಶಿಸಿದ ತನ್ನ 1940ರ ಮಾದರಿಯ ಮೂಲಕ ಈ ಸೌಲಭ್ಯವನ್ನು ಕಾರಿಗೆ ತಂದಿತು. ಅದರ ತಂಪು ನೀಡುವ ಭಾಗ ಕಾರಿನ ಹಿಂಬದಿಯ ಡಿಕ್ಕಿಯಲ್ಲಿತ್ತು. ಇಡೀ ವ್ಯವಸ್ಥೆಯನ್ನು ಕಾರಿನ ಮುಂಭಾಗದಲ್ಲಿಯೇ ಅಡಕವಾಗಿ ಕೂಡಿಸುವ ಮಾದರಿ 1954ರಲ್ಲಿ ನ್ಯಾಶ್ ಕಂಪನಿಯಿಂದ ಬಂದಿತು. ಇಂದಿನ ಕಾರುಗಳ ರಚನೆ ಬಹುಮಟ್ಟಿಗೆ ಅದೇ ದಾರಿಯಲ್ಲಿ ಸಾಗಿದೆ.

ಹೀಗೆ ಗಾಳಿಯಿಂದ ನೀರನ್ನು ಹಿಂಡಿ ತೆಗೆಯುವುದು ಎ.ಸಿ.ಯ ಮೂಲ ಗುಣ. ಹಿಂಡಿದ ನೀರು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿಯೇ ಮುಗ್ಗಲು ವಾಸನೆಯ ರಹಸ್ಯವಿದೆ.

ವಾಸನೆ ಹುಟ್ಟುವ ಬಗೆ

ಡ್ಯಾಶ್‌ಬೋರ್ಡಿನ ಒಳಗೆ, ಕತ್ತಲಿನ ಪೆಟ್ಟಿಗೆಯೊಂದರಲ್ಲಿ, ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದ ಒಂದು ಭಾಗವಿರುತ್ತದೆ. ಇದನ್ನು ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಎ.ಸಿ. ನಡೆಯುವಾಗ ಇದರ ಮೇಲ್ಮೈ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪವೇ ಮೇಲಿನ ಉಷ್ಣತೆಯಲ್ಲಿರುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ ಇದರ ಮೈಯೂ ಬೆವರುತ್ತದೆ. ಆ ನೀರು ಪೆಟ್ಟಿಗೆಯ ತಳಕ್ಕಿಳಿದು, ಒಂದು ಸಣ್ಣ ಡ್ರೈನ್ ಪೈಪಿನ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕಬೇಕು.

ಈ ನೀರಿನ ಪ್ರಮಾಣ ಅಲ್ಪವೇನಲ್ಲ. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇಕಡ 85ರಷ್ಟಿದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 26 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ 10 ಡಿಗ್ರಿಗೆ ತಣಿದಾಗ ಸುಮಾರು 9 ಗ್ರಾಂ ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದ 16-17 ಗ್ರಾಂ ಕಾಯಿಲ್ ಮೇಲೆ ನೀರಾಗುತ್ತದೆ. ಗಂಟೆಗೆ 100 ಘನ ಮೀಟರ್ ಹೊರಗಾಳಿ ಒಳಕ್ಕೆ ಬಂದರೂ ಒಂದೂವರೆ ಲೀಟರಿಗೆ ಮೀರಿದ ನೀರು ಶೇಖರವಾಗುತ್ತದೆ ಎಂದಾಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಂಗಳೂರಿನ ಕಾರಿಗೂ, ಒಣಹವೆಯ ಬಳ್ಳಾರಿ, ರಾಯಚೂರಿನ ಕಾರಿಗೂ ಈ ವಿಷಯದಲ್ಲಿ ಇರುವ ವ್ಯತ್ಯಾಸ ಇದರಿಂದ ಸ್ಪಷ್ಟವಾಗುತ್ತದೆ.

ಪ್ರಯಾಣ ಮುಗಿಸಿ ಎಂಜಿನ್ ನಿಲ್ಲಿಸಿದಾಗ ಕಾಯಿಲ್‌ನ ರೆಕ್ಕೆಗಳ ನಡುವೆ ನೀರಿನ ಪದರವೊಂದು ಉಳಿದೇ ಇರುತ್ತದೆ. ಗಾಳಿಯೊಡನೆ ಬಂದ ಧೂಳು, ಪರಾಗ, ಎಲೆಗಳ ಪುಡಿ ಅದಕ್ಕೆ ಅಂಟಿಕೊಂಡಿರುತ್ತವೆ. ಕತ್ತಲು, ತೇವ, ಆಹಾರ ಮತ್ತು ಹದವಾದ ಬಿಸಿ, ಈ ನಾಲ್ಕೂ ಕೂಡಿದರೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯಲು ಬೇರೇನೂ ಬೇಕಿಲ್ಲ. ಅವು ರೆಕ್ಕೆಗಳ ಮೇಲೆ ಲೋಳೆಯಂತಹ ತೆಳುಪದರ ಕಟ್ಟಿಕೊಂಡು, ಆವಿಯಾಗುವ ರಾಸಾಯನಿಕಗಳನ್ನು ಹೊರಬಿಡುತ್ತವೆ. ಮೂಗಿಗೆ ತಿಳಿಯುವುದು ಈ ಆವಿಗಳೇ. ಮೊದಲ ಮಳೆಯ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವೂ ಇಂತಹ ಸೂಕ್ಷ್ಮಜೀವಿಗಳ ಉತ್ಪನ್ನವೇ. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಆದುದರಿಂದ ಕಣ್ಣಿಗೆ ಕಾಯಿಲ್ ಸ್ವಚ್ಛವಾಗಿಯೇ ಕಂಡರೂ ವಾಸನೆ ಇರುವುದು ಸಾಧ್ಯ.

ಮೊದಲು ಮೂಲವನ್ನು ಗುರುತಿಸಬೇಕು

ಕಾರಿನೊಳಗಿನ ಎಲ್ಲ ದುರ್ವಾಸನೆಗೂ ಎ.ಸಿ.ಯೇ ಹೊಣೆಯಲ್ಲ. ಹಣ ಖರ್ಚು ಮಾಡುವ ಮೊದಲು ಸರಳ ಪರೀಕ್ಷೆಯೊಂದನ್ನು ನಡೆಸುವುದು ಲೇಸು. ರಾತ್ರಿಯಿಡೀ ಮುಚ್ಚಿಟ್ಟ ಕಾರಿನ ಬಾಗಿಲನ್ನು ಬೆಳಿಗ್ಗೆ ತೆರೆದು, ಯಾವ ಗುಂಡಿಯನ್ನೂ ಒತ್ತದೆ ಗಮನಿಸಬೇಕು. ಆಗಲೇ ಮುಗ್ಗಲು ಬಂದರೆ ಮೂಲವು ನೆಲಹಾಸು ಅಥವಾ ಆಸನಗಳಲ್ಲಿದೆ ಎಂದು ತಿಳಿಯಬೇಕು. ಒದ್ದೆ ಛತ್ರಿ, ಒದ್ದೆ ಪಾದರಕ್ಷೆ, ಬಾಗಿಲಿನ ಸವೆದ ರಬ್ಬರ್ ಅಂಚಿನಿಂದ ಜಿನುಗಿದ ಮಳೆನೀರು, ಇವು ಸಾಮಾನ್ಯ ಕಾರಣಗಳು. ಬ್ಲೋವರ್ ಚಾಲೂ ಮಾಡಿದ ನಂತರವೇ ವಾಸನೆ ಬಂದು, ಕೆಲವು ನಿಮಿಷಗಳಲ್ಲಿ ಕಡಮೆಯಾದರೆ ಮೂಲ ಕಾಯಿಲ್ ಅಥವಾ ಫಿಲ್ಟರ್‌ನಲ್ಲಿದೆ.

ವಾಸನೆಯ ಗುಣವೂ ದಾರಿ ತೋರಿಸುತ್ತದೆ. ಸಿಹಿಯಾದ ವಾಸನೆಯೊಡನೆ ಗಾಜಿನ ಒಳಮೈ ಜಿಡ್ಡುಜಿಡ್ಡಾಗಿ ಮಸುಕಾಗುತ್ತಿದ್ದರೆ ಹೀಟರ್ ಕಾಯಿಲ್‌ನಿಂದ ಕೂಲೆಂಟ್ ಸೋರುತ್ತಿರಬಹುದು. ಕೂಲೆಂಟ್ ವಿಷಕಾರಿ ದ್ರವವಾದುದರಿಂದ ಇದನ್ನು ಕೂಡಲೇ ಸರಿಪಡಿಸಬೇಕು. ಅಸಹ್ಯವಾದ ಕೊಳೆತ ನಾತ ಬಂದರೆ ಬ್ಲೋವರ್ ಪೆಟ್ಟಿಗೆಯಲ್ಲಿ ಇಲಿ ಸತ್ತಿರುವ ಸಂಭವವಿದೆ. ದಿನಸಿ ಮಂಡಿ, ಗೋದಾಮುಗಳ ಬಳಿ ನಿಲ್ಲಿಸುವ ವಾಹನಗಳಲ್ಲಿ ಇದು ಅಪರೂಪವಲ್ಲ. ಪೆಟ್ರೋಲಿನ ವಾಸನೆ, ಸುಟ್ಟ ವೈರಿನ ವಾಸನೆ ಅಥವಾ ಹೊಗೆಕೊಳವೆಯ ಅನಿಲದ ವಾಸನೆ ಬಂದರಂತೂ ವಾಹನವನ್ನು ನಿಲ್ಲಿಸಿ ಪರೀಕ್ಷಿಸುವವರೆಗೆ ಓಡಿಸಬಾರದು. ಹೊಗೆಯೊಡನೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ತನ್ನದೇ ಆದ ವಾಸನೆಯಿಲ್ಲ, ಆದರೆ ಅದು ಪ್ರಾಣಾಂತಿಕ.

ಕಡಮೆ ಖರ್ಚಿನಿಂದ ಹೆಚ್ಚು ಖರ್ಚಿನೆಡೆಗೆ

ಮೂಲವು ಎ.ಸಿ.ಯಲ್ಲಿಯೇ ಇದೆ ಎಂದು ಖಚಿತವಾದ ಮೇಲೆ ಕೆಲಸವನ್ನು ಕ್ರಮವಾಗಿ ಕೈಗೊಳ್ಳಬೇಕು. ಹಣ ಬೇಡದ ಕೆಲಸ ಮೊದಲು, ದುಬಾರಿ ಕೆಲಸ ಕೊನೆಗೆ ಎಂಬುದೇ ಇಲ್ಲಿನ ಸೂತ್ರ.

ಒಂದನೆಯದಾಗಿ, ಗಾಳಿ ಒಳಬರುವ ದ್ವಾರದ ಶುಚಿತ್ವ. ಮುಂಭಾಗದ ಗಾಜಿನ ಬುಡದಲ್ಲಿ, ಬಾನೆಟ್‌ನ ಅಂಚಿಗೆ ಇರುವ ಜಾಲರಿಯ ಮೂಲಕವೇ ಹೊರಗಾಳಿ ಒಳಕ್ಕೆ ಬರುವುದು. ಮರದ ಕೆಳಗೆ ನಿಲ್ಲುವ ಕಾರುಗಳಲ್ಲಿ ಇಲ್ಲಿ ತರಗೆಲೆ ಸೇರಿ ಕೊಳೆಯುತ್ತದೆ. ಅದನ್ನು ಕೈಯಿಂದಲೇ ತೆಗೆದು ಸ್ವಚ್ಛಗೊಳಿಸಬಹುದು.

ಎರಡನೆಯದಾಗಿ, ಡ್ರೈನ್ ಪೈಪಿನ ಪರೀಕ್ಷೆ. ಸಮತಟ್ಟಾದ ಬಯಲು ಜಾಗದಲ್ಲಿ ಕಾರು ನಿಲ್ಲಿಸಿ ಎ.ಸಿ.ಯನ್ನು ಹದಿನೈದು ಇಪ್ಪತ್ತು ನಿಮಿಷ ನಡೆಸಿದರೆ ಮಳೆಗಾಲದ ಹವೆಯಲ್ಲಿ ಕಾರಿನ ಕೆಳಗೆ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದೆ, ಮುಂದಿನ ಆಸನದ ಕಾಲಿಡುವ ಜಾಗದ ನೆಲಹಾಸು ಒದ್ದೆಯಾಗಿದ್ದರೆ ಪೈಪು ಕಟ್ಟಿಕೊಂಡಿದೆ ಎಂದರ್ಥ. ತಿರುವಿನಲ್ಲಿ ಡ್ಯಾಶ್‌ಬೋರ್ಡಿನೊಳಗೆ ನೀರು ಕುಲುಕುವ ಸದ್ದು ಕೇಳಿಸುವುದೂ ಇದರದೇ ಲಕ್ಷಣ. ಎಂಜಿನ್ ತಣಿದ ಮೇಲೆ ಕೆಳಗಿನಿಂದ ಮೃದುವಾದ ತಂತಿಯಿಂದಲೋ ಕಡಮೆ ಒತ್ತಡದ ಗಾಳಿಯಿಂದಲೋ ಇದನ್ನು ಬಿಡಿಸಬಹುದು. ಟೈರಿಗೆ ಗಾಳಿ ತುಂಬುವ ಒತ್ತಡವನ್ನೇ ನೇರವಾಗಿ ಹಾಯಿಸಿದರೆ ಪೈಪು ಒಳಗೆ ಕಳಚಿಕೊಳ್ಳುವ ಅಪಾಯವಿದೆ.

ಮೂರನೆಯದಾಗಿ, ಎ.ಸಿ. ಫಿಲ್ಟರ್. ಬಹುತೇಕ ಕಾರುಗಳಲ್ಲಿ ಇದು ಗ್ಲವ್ ಬಾಕ್ಸ್‌ನ ಹಿಂದೆ ಇರುತ್ತದೆ. ವಾಹನದ ಕೈಪಿಡಿಯಲ್ಲಿ ತೋರಿಸಿದಂತೆ ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಬದಲಾಯಿಸಬಹುದು. ಸಾಮಾನ್ಯವಾಗಿ 10,000ದಿಂದ 15,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಬದಲಿಸುವ ವಾಡಿಕೆಯಿದೆ. ಧೂಳಿನ ರಸ್ತೆಯಲ್ಲಿ ಓಡುವ ವಾಹನಕ್ಕೆ ಇನ್ನೂ ಬೇಗ ಬೇಕಾಗುತ್ತದೆ. ಒದ್ದೆಯಾಗಿ ಬೂಷ್ಟು ಹಿಡಿದ ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ಹಳೆಯ ಕೆಲವು ಮಾದರಿಗಳಲ್ಲಿ ಫಿಲ್ಟರೇ ಇರುವುದಿಲ್ಲವಾದುದರಿಂದ ಅವುಗಳ ಕಾಯಿಲ್ ಬೇಗ ಕೊಳೆಯಾಗುತ್ತದೆ.

ನಾಲ್ಕನೆಯದಾಗಿ, ಕಾಯಿಲ್ ತೊಳೆಯುವುದು. ಇದಕ್ಕಾಗಿಯೇ ತಯಾರಾದ ನೊರೆರೂಪದ ಶುದ್ಧಕಗಳು ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತವೆ. ಎಂಜಿನ್ ನಿಲ್ಲಿಸಿ, ಡ್ರೈನ್ ಪೈಪಿನ ಮೂಲಕವೋ ಫಿಲ್ಟರ್ ಕೂರುವ ಜಾಗದಿಂದಲೋ ತೆಳುವಾದ ನಳಿಕೆಯಿಂದ ನೊರೆಯನ್ನು ಕಾಯಿಲ್‌ಗೆ ತಲುಪಿಸಿ, ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಬಿಡಬೇಕು. ನೊರೆ ಕರಗಿ ಕೊಳೆಯೊಡನೆ ಡ್ರೈನ್ ಪೈಪಿನಿಂದ ಹೊರಬೀಳುತ್ತದೆ. ಆದುದರಿಂದಲೇ ಪೈಪು ತೆರೆದಿದೆಯೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಕೊಳೆನೀರು ಒಳಗೇ ನಿಂತು ತೊಂದರೆ ಇಮ್ಮಡಿಯಾಗುತ್ತದೆ. ಬ್ಲೋವರ್ ಮೋಟಾರು ಮತ್ತು ವಿದ್ಯುತ್ ಜೋಡಣೆಗಳ ಮೇಲೆ ದ್ರವ ಬೀಳದಂತೆ ಎಚ್ಚರ ವಹಿಸಬೇಕು. ಹೊಸ ಫಿಲ್ಟರನ್ನು ಈ ಕೆಲಸ ಮುಗಿದು ಪೆಟ್ಟಿಗೆ ಒಣಗಿದ ನಂತರವೇ ಹಾಕತಕ್ಕದ್ದು.

ಐದನೆಯದಾಗಿ, ಒಣಗಿಸುವುದು. ಹೀಟರ್ ಚಾಲೂ ಮಾಡಿದರೆ ಕಾಯಿಲ್ ತಾನಾಗಿ ಒಣಗುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಬಹುತೇಕ ಕಾರುಗಳಲ್ಲಿ ಗಾಳಿಯು ಮೊದಲು ಕೂಲಿಂಗ್ ಕಾಯಿಲನ್ನು ದಾಟಿ, ಅನಂತರ ಹೀಟರನ್ನು ತಲುಪುತ್ತದೆ. ಹೊರಗಾಳಿಯ ಸ್ಥಿತಿಯಲ್ಲಿ ಕಾಯಿಲ್‌ಗೆ ತಾಗುವುದು ಮಳೆಗಾಲದ ಒದ್ದೆ ಗಾಳಿಯೇ. ಆದುದರಿಂದ ಬಯಲಿನಲ್ಲಿ ಕಾರು ನಿಲ್ಲಿಸಿ, ಎ.ಸಿ. ಆರಿಸಿ, ಹೀಟರನ್ನು ಪೂರ್ಣ ಬಿಸಿಗಿಟ್ಟು, ಕಿಟಕಿಗಳನ್ನು ಸ್ವಲ್ಪ ಇಳಿಸಿ, ಒಳಗಾಳಿಯೇ ಸುತ್ತುವ ಸ್ಥಿತಿಯಲ್ಲಿ ಹತ್ತು ನಿಮಿಷ ನಡೆಸಿದರೆ ಬಿಸಿಗಾಳಿ ಕಾಯಿಲನ್ನು ಹಾಯುತ್ತದೆ. ಬಳಿಕ ಹೊರಗಾಳಿಗೆ ತಿರುಗಿಸಿ, ಕಿಟಕಿಗಳನ್ನು ಪೂರ್ಣ ತೆರೆದು ಆವಿಯನ್ನು ಹೊರದೂಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ನಡೆಸುತ್ತಾ ಈ ಕೆಲಸವನ್ನು ಎಂದಿಗೂ ಮಾಡಕೂಡದು.

ಇಷ್ಟೆಲ್ಲ ಮಾಡಿದ ಮೇಲೂ ವಾಸನೆ ಉಳಿದರೆ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚಿ ಕಾಯಿಲನ್ನು ಹೊರತೆಗೆದು ತೊಳೆಯುವ ಅಥವಾ ಬದಲಿಸುವ ಯೋಚನೆ ಮಾಡಬೇಕು. ಇದಕ್ಕೆ ಗ್ಯಾಸನ್ನು ಯಂತ್ರದ ಮೂಲಕ ಹೊರತೆಗೆಯಬೇಕು, ನೂರಾರು ತಿರುಪುಗಳನ್ನು ಬಿಚ್ಚಿ ಜೋಡಿಸಬೇಕು. ಮತ್ತೆ ಜೋಡಿಸಿದ ಡ್ಯಾಶ್‌ಬೋರ್ಡು ಹೊಸದರಲ್ಲಿದ್ದಂತೆ ಸದ್ದಿಲ್ಲದೆ ಇರುತ್ತದೆಂಬ ಭರವಸೆಯೂ ಇಲ್ಲ.

ಗ್ಯಾಸ್ ತುಂಬಿಸಿದರೆ ವಾಸನೆ ಹೋಗದು

ಮುಗ್ಗಲು ವಾಸನೆಯ ದೂರಿಗೆ ಗ್ಯಾಸ್ ತುಂಬಿಸುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಇದು ಆಧಾರವಿಲ್ಲದ ಸಲಹೆ. ಶೀತಕ ಅನಿಲವು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತದೆಯೇ ಹೊರತು ಪ್ರಯಾಣಿಕರು ಉಸಿರಾಡುವ ಗಾಳಿಯೊಡನೆ ಬೆರೆಯುವುದಿಲ್ಲ. ಅನಿಲ ಕಡಮೆಯಾದರೆ ತಂಪು ಕಡಮೆಯಾಗುತ್ತದೆ, ಬೂಷ್ಟು ಬೆಳೆಯುವುದಿಲ್ಲ. ತಂಪು ಸರಿಯಾಗಿದ್ದು ವಾಸನೆ ಮಾತ್ರ ಇರುವ ಕಾರಿಗೆ ಗ್ಯಾಸ್ ತುಂಬಿಸುವುದು ಹಣದ ಅಪವ್ಯಯ. ಅಳತೆ ಮೀರಿ ತುಂಬಿಸಿದರೆ ಕಂಪ್ರೆಸರಿಗೆ ಹಾನಿಯೂ ಆಗಬಹುದು.

ಇದರ ಇನ್ನೊಂದು ಮುಖವನ್ನೂ ಉದ್ಯಮಿಗಳು ಅರಿಯಬೇಕು. ಓಜೋನ್ ಪದರಕ್ಕೆ ಮಾರಕವಾದ ಆರ್-12 ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಜಗತ್ತು ಕೈಬಿಟ್ಟಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿಕರವಲ್ಲ. ಆದರೆ ಭೂಮಿಯ ಬಿಸಿಯೇರಿಸುವ ಶಕ್ತಿ ಅದಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಇದೆ. ಇಂತಹ ಅನಿಲಗಳನ್ನು ಕ್ರಮೇಣ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಹೊಸದಾಗಿ ಬಳಕೆಗೆ ಬಂದಿರುವ ಆರ್-1234ವೈಎಫ್ ಅಲ್ಪಮಟ್ಟಿಗೆ ಉರಿಯುವ ಗುಣದ್ದಾದುದರಿಂದ ಎರಡನ್ನೂ ಬೆರೆಸಕೂಡದು. ವಾಸನೆಯ ನೆಪದಲ್ಲಿ ಅನಿಲವನ್ನು ಸುಮ್ಮನೆ ಹೊರಬಿಟ್ಟು ಮತ್ತೆ ತುಂಬುವ ಪದ್ಧತಿ ಗ್ರಾಹಕನಿಗೂ ಪರಿಸರಕ್ಕೂ ನಷ್ಟ.

ಮಾಡಬಾರದ ಕೆಲಸಗಳು

ಸುಗಂಧದ ಜೆಲ್, ಸ್ಪ್ರೇ, ಗಾಳಿದ್ವಾರಕ್ಕೆ ಸಿಕ್ಕಿಸುವ ಬಾಟಲಿ, ಇವು ವಾಸನೆಯನ್ನು ಮುಚ್ಚುತ್ತವೆ, ಮೂಲವನ್ನು ತೆಗೆಯುವುದಿಲ್ಲ. ಮುಗ್ಗಲು ಮತ್ತು ಮಲ್ಲಿಗೆ ಬೆರೆತ ವಾಸನೆ ಅನೇಕರಿಗೆ ತಲೆನೋವು ತರುತ್ತದೆ. ಕಾರಿನೊಳಗೆ ಅಗರಬತ್ತಿ, ಕರ್ಪೂರ ಉರಿಸುವುದು ಬೆಂಕಿಯ ಅಪಾಯವಲ್ಲದೆ, ಹೊಗೆಯ ಜಿಡ್ಡನ್ನು ಫಿಲ್ಟರ್ ಮತ್ತು ಕಾಯಿಲ್ ಮೇಲೆ ಕೂರಿಸುತ್ತದೆ. ನುಸಿಗುಳಿಗೆಯ ಆವಿ ಮುಚ್ಚಿದ ಜಾಗದಲ್ಲಿ ವಿಷಕಾರಿ, ಮಕ್ಕಳಿಗಂತೂ ಹೆಚ್ಚು.

ಮನೆಬಳಕೆಯ ಬ್ಲೀಚಿಂಗ್ ದ್ರಾವಣವನ್ನು ಗಾಳಿದ್ವಾರಕ್ಕೆ ಸಿಂಪಡಿಸುವವರಿದ್ದಾರೆ. ಅದು ಬೂಷ್ಟನ್ನು ಕೊಲ್ಲುವುದು ನಿಜ. ಆದರೆ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿಂದು ಹಾಕಿ, ಅನಿಲ ಸೋರುವಂತೆ ಮಾಡುತ್ತದೆ. ಆಮ್ಲೀಯ ಶುದ್ಧಕದೊಡನೆ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಓಜೋನ್ ಯಂತ್ರದಿಂದ ಶುದ್ಧೀಕರಿಸುವ ಸೇವೆಯನ್ನು ಕೆಲವು ಕಡೆ ನೀಡಲಾಗುತ್ತಿದೆ. ಓಜೋನ್ ವಾಸನೆಯ ಅಣುಗಳನ್ನು ಒಡೆಯಬಲ್ಲದು, ಆದರೆ ಕಾಯಿಲ್ ಮೇಲಿನ ಕೊಳೆಯನ್ನು ತೊಳೆಯಲಾರದು. ಅದು ಶ್ವಾಸಕೋಶಕ್ಕೂ ರಬ್ಬರಿಗೂ ಹಾನಿಕರವಾದುದರಿಂದ, ನಡೆಸುವಾಗ ಕಾರಿನಲ್ಲಿ ಯಾರೂ ಇರಕೂಡದು ಮತ್ತು ಬಳಿಕ ಚೆನ್ನಾಗಿ ಗಾಳಿಯಾಡಿಸಬೇಕು. ವಿದ್ಯುತ್ ಕಾರುಗಳಲ್ಲಿಯೂ ಕೂಲಿಂಗ್ ಕಾಯಿಲ್ ಇದೇ ಬಗೆಯದು, ಶುಚಿಗೊಳಿಸುವ ಕ್ರಮವೂ ಬಹುಮಟ್ಟಿಗೆ ಇದೇ. ಆದರೆ ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜಿನ ತಂತಿಗಳನ್ನು ತರಬೇತಿಯಿಲ್ಲದವರು ಮುಟ್ಟಲೇಬಾರದು.

ಚಾಲಕನ ಆರೋಗ್ಯವೂ ಲೆಕ್ಕಕ್ಕೆ ಬರಬೇಕು

ಆರೋಗ್ಯವಂತನಿಗೆ ಈ ಗಾಳಿ ಸೀನು, ಕಣ್ಣುರಿ, ಗಂಟಲ ಕೆರೆತಕ್ಕೆ ಸೀಮಿತವಾಗಿರಬಹುದು. ಆದರೆ ಆಸ್ತಮಾ ಅಥವಾ ಅಲರ್ಜಿ ಇರುವವರಲ್ಲಿ ಬೂಷ್ಟಿನ ಕಣಗಳು ಉಬ್ಬಸವನ್ನು ಕೆರಳಿಸಬಲ್ಲವು. ಪ್ರಯಾಣಿಕರು ಒಂದೆರಡು ಗಂಟೆಯಲ್ಲಿ ಇಳಿದು ಹೋಗುತ್ತಾರೆ, ಚಾಲಕ ಮಾತ್ರ ವರ್ಷವಿಡೀ ಅಲ್ಲೇ ಕುಳಿತಿರುತ್ತಾನೆ. ಒಳಗಾಳಿಯನ್ನೇ ಸುತ್ತಿಸುತ್ತಾ ನಾಲ್ಕೈದು ಜನ ದೀರ್ಘಕಾಲ ಪ್ರಯಾಣ ಮಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ತೂಕಡಿಕೆ ಬರುವುದೂ ಉಂಟು. ಆಗಾಗ್ಗೆ ಹೊರಗಾಳಿಯನ್ನು ಬಿಡುವುದು ರಸ್ತೆ ಸುರಕ್ಷತೆಯ ದೃಷ್ಟಿಯಿಂದಲೂ ಅವಶ್ಯಕ.

ಸ್ವಂತ ವಾಹನಗಳುಳ್ಳ ಸಂಸ್ಥೆಗಳು ಟೈರು, ಎಣ್ಣೆ, ವಿಮೆಗಳಿಗೆ ದಿನಚರಿ ಪುಸ್ತಕ ಇಡುವಂತೆ ಎ.ಸಿ. ಫಿಲ್ಟರಿಗೂ ಒಂದು ಸಾಲು ಮೀಸಲಿಡುವುದು ಸೂಕ್ತ. ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರ್, ಡ್ರೈನ್ ಪೈಪು ನೋಡಿದ ದಿನ, ಇಷ್ಟೇ ಸಾಕು. ಮೇ ತಿಂಗಳ ಕೊನೆಯಲ್ಲಿ, ಅಂದರೆ ಮಳೆಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಪರೀಕ್ಷೆ ನಡೆಸಿದರೆ ಕರಾವಳಿಯ ವಾಹನಗಳಿಗೆ ಸಾಕಷ್ಟು ರಕ್ಷಣೆ ದೊರೆತಂತೆ.

ಬಿಡಿಭಾಗ ವರ್ತಕರಿಗೂ ತಯಾರಕರಿಗೂ ಇರುವ ಅವಕಾಶ

ಫಿಲ್ಟರ್ ಎಂಬುದು ನೋಟಕ್ಕೆ ಮಡಿಕೆ ಮಡಿಕೆಯಾದ ಬಟ್ಟೆಯ ತುಂಡು. ಆದರೆ ಅದರ ಗುಣಮಟ್ಟ ನಿಂತಿರುವುದು ಮೂರು ಸಂಗತಿಗಳ ಮೇಲೆ: ನೇಯದ ಬಟ್ಟೆಯ ಸಾಂದ್ರತೆ, ಮಡಿಕೆಗಳ ಸಂಖ್ಯೆ ಹಾಗೂ ಅಂಚು ಪೆಟ್ಟಿಗೆಗೆ ಬಿಗಿಯಾಗಿ ಕೂರುವ ಬಗೆ. ಅಂಚಿನಲ್ಲಿ ಸಂದಿಯಿದ್ದರೆ ಬಟ್ಟೆ ಎಷ್ಟೇ ಉತ್ತಮವಾಗಿದ್ದರೂ ಧೂಳು ಪಕ್ಕದಿಂದ ನುಸುಳುತ್ತದೆ. ಅಗತ್ಯಕ್ಕಿಂತ ಒತ್ತಾದ ಬಟ್ಟೆಯನ್ನು ಬಳಸಿದರೆ ಗಾಳಿಯ ಹರಿವು ಕುಗ್ಗಿ, ತಂಪು ಕಡಮೆಯಾಯಿತೆಂಬ ಹೊಸ ದೂರು ಹುಟ್ಟುತ್ತದೆ. ವಾಹನದೊಳಗಿನ ಗಾಳಿಯ ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್ಒ 11155 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಸಣ್ಣ ಪ್ರಮಾಣದ ತಯಾರಕರು ಈ ಪರೀಕ್ಷೆಗಳನ್ನು ಮಾಡಿಸಿ, ಫಲಿತಾಂಶವನ್ನು ಪೊಟ್ಟಣದ ಮೇಲೆ ಮುದ್ರಿಸಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹೆಸರಿಲ್ಲದ ಅಗ್ಗದ ಸರಕಿನಿಂದ ತಮ್ಮ ಸರಕನ್ನು ಬೇರ್ಪಡಿಸಿ ತೋರಿಸಬಹುದು.

ವಾಸನೆಯ ಅಣುಗಳನ್ನು ಹಿಡಿಯಲು ಸಾಮಾನ್ಯ ಬಟ್ಟೆ ಸಾಲದು, ಸಕ್ರಿಯ ಇಂಗಾಲದ ಪದರ ಬೇಕು. ತೆಂಗಿನ ಚಿಪ್ಪನ್ನು ಇದ್ದಿಲಾಗಿಸಿ, ಅಧಿಕ ಉಷ್ಣತೆಯಲ್ಲಿ ನೀರಾವಿಯಿಂದ ಸಂಸ್ಕರಿಸಿದಾಗ ಅದರಲ್ಲಿ ಅತಿ ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ಒಂದು ಗ್ರಾಂ ಉತ್ತಮ ಇಂಗಾಲದ ಒಳಮೈ ವಿಸ್ತೀರ್ಣ ಸುಮಾರು ಸಾವಿರ ಚದರ ಮೀಟರಿನಷ್ಟಾಗುತ್ತದೆ. ತಿಪಟೂರು, ಅರಸೀಕೆರೆಯ ಸುತ್ತಮುತ್ತ ಕೊಬ್ಬರಿ ಸುಲಿದ ಮೇಲೆ ಉಳಿಯುವ ಚಿಪ್ಪೇ ಇದರ ಮೂಲ ಸಾಮಗ್ರಿ ಎಂಬುದು ಕರ್ನಾಟಕದ ಉದ್ಯಮಿಗಳು ಗಮನಿಸಬೇಕಾದ ಅಂಶ. ಇಂಗಾಲದ ಫಿಲ್ಟರ್ ಹೊರಗಿನ ಹೊಗೆಯ ವಾಸನೆಯನ್ನು ತಡೆಯುತ್ತದೆ. ಆದರೆ ಫಿಲ್ಟರಿನ ಆಚೆ, ಕಾಯಿಲ್ ಮೇಲೆ ಹುಟ್ಟುವ ಮುಗ್ಗಲನ್ನು ತಡೆಯಲಾರದು. ಈ ಮಿತಿಯನ್ನು ಮುಚ್ಚಿಡದೆ ತಿಳಿಸಿ ಮಾರುವ ವರ್ತಕನ ಬಳಿಗೆ ಗ್ರಾಹಕ ಮರಳಿ ಬರುತ್ತಾನೆ.

ಮಾರುಕಟ್ಟೆಯ ವ್ಯಾಪ್ತಿಯೂ ಹಿಗ್ಗುತ್ತಿದೆ. 3.5 ಟನ್ನಿಗೂ ಹೆಚ್ಚಿನ ತೂಕದ ಹೊಸ ಸರಕು ವಾಹನಗಳ ಚಾಲಕರ ಕೋಣೆಗೆ ಹವಾನಿಯಂತ್ರಣವನ್ನು ಕೇಂದ್ರ ಸರ್ಕಾರವು 2025ರಲ್ಲಿ ಕಡ್ಡಾಯಗೊಳಿಸಿದೆ. ಬಂದರು, ಗಣಿ, ಸಿಮೆಂಟು, ಧಾನ್ಯದ ಮಂಡಿಗಳ ಧೂಳಿನಲ್ಲಿ ಓಡುವ ಲಾರಿಗಳ ಕಾಯಿಲ್‌ಗಳು ಕಾರುಗಳದಕ್ಕಿಂತ ಬೇಗ ಕೊಳೆಯಾಗುವುದು ಸಹಜ. ಹೆದ್ದಾರಿ ಬದಿಯ ಲಾರಿ ಗ್ಯಾರೇಜುಗಳಿಗೆ ಇದುವರೆಗೆ ಅಷ್ಟಾಗಿ ಅಗತ್ಯವಿರದಿದ್ದ ಎ.ಸಿ. ಸೇವೆ ಇನ್ನು ಮುಂದೆ ನಿತ್ಯದ ಕೆಲಸವಾಗಲಿದೆ. ಈಗಿನಿಂದಲೇ ಕೆಲಸಗಾರರಿಗೆ ತರಬೇತಿ ಕೊಡಿಸಿದವರಿಗೆ ಇದರ ಲಾಭ ದಕ್ಕೀತು.

ಗ್ಯಾರೇಜು ನಡೆಸುವವರು ಬಿಲ್ಲಿನಲ್ಲಿ ‘ಎ.ಸಿ. ಸರ್ವಿಸ್’ ಎಂದಷ್ಟೇ ಬರೆಯದೆ, ಫಿಲ್ಟರ್ ಬದಲಾವಣೆ, ಡ್ರೈನ್ ಪೈಪಿನ ಶುದ್ಧಿ, ಕಾಯಿಲ್ ತೊಳೆದದ್ದು, ತುಂಬಿದ ಅನಿಲದ ತೂಕ ಎಂದು ಬೇರೆ ಬೇರೆಯಾಗಿ ನಮೂದಿಸುವುದು, ತೆಗೆದ ಹಳೆಯ ಫಿಲ್ಟರನ್ನು ಗ್ರಾಹಕನಿಗೆ ತೋರಿಸುವುದು ಒಳ್ಳೆಯ ಪದ್ಧತಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವೆಯ ನ್ಯೂನತೆಯ ಬಗ್ಗೆ ಗ್ರಾಹಕನು ದೂರು ಸಲ್ಲಿಸಬಹುದಾದುದರಿಂದ, ಸ್ಪಷ್ಟವಾದ ಬಿಲ್ಲು ಗ್ಯಾರೇಜಿನವರಿಗೇ ರಕ್ಷಣೆ.

ನಿತ್ಯದ ಅಭ್ಯಾಸವೇ ಅಂತಿಮ ಪರಿಹಾರ

ತೊಳೆದ ಕಾಯಿಲ್ ಮತ್ತೆ ಕೊಳೆಯಾಗದಂತೆ ಕಾಯುವುದು ಚಾಲಕನ ಕೈಯಲ್ಲಿದೆ. ಊರು ತಲುಪುವ ಕೊನೆಯ ಐದು ನಿಮಿಷ ಎ.ಸಿ. ಗುಂಡಿಯನ್ನು ಆರಿಸಿ, ಬ್ಲೋವರನ್ನು ಮಾತ್ರ ನಡೆಸುತ್ತಾ ಹೊರಗಾಳಿಯನ್ನು ಹಾಯಿಸಿದರೆ ಕಾಯಿಲ್ ಮೇಲಿನ ನೀರು ಬಹುಮಟ್ಟಿಗೆ ಆರುತ್ತದೆ. ಹೀಗೆ ವಾಹನ ನಿಂತ ಬಳಿಕ ಬ್ಲೋವರ್ ತಾನಾಗಿಯೇ ನಡೆದು ಕಾಯಿಲನ್ನು ಒಣಗಿಸುವ ಏರ್ಪಾಡು ಕೆಲವು ಹೊಸ ಕಾರುಗಳಲ್ಲಿ ಬಂದಿದೆ.

ಆದರೆ ಸುರಿಯುವ ಮಳೆಯಲ್ಲಿ ವಾಹನ ಓಡುತ್ತಿರುವಾಗ ಈ ಕ್ರಮ ಅಪಾಯಕರ. ಎ.ಸಿ. ಆರಿಸಿದೊಡನೆ ಕಾಯಿಲ್ ಮೇಲಿನ ನೀರು ಆವಿಯಾಗಿ ಒಳಕ್ಕೆ ಬಂದು ಮುಂಗಾಜು ಕ್ಷಣಾರ್ಧದಲ್ಲಿ ಮಸುಕಾಗುತ್ತದೆ. ಅಂತಹ ದಿನಗಳಲ್ಲಿ ವಾಹನವನ್ನು ಸುರಕ್ಷಿತವಾದ ಬಯಲಿನಲ್ಲಿ ನಿಲ್ಲಿಸಿದ ಮೇಲೆಯೇ ಒಣಗಿಸತಕ್ಕದ್ದು. ಒದ್ದೆಯಾದ ನೆಲಹಾಸನ್ನು ಬಿಸಿಲು ಬಿದ್ದ ದಿನ ಹೊರತೆಗೆದು ಒಣಗಿಸುವುದು, ಮರದ ಕೆಳಗೆ ನಿಲ್ಲಿಸಿದಾಗ ಜಾಲರಿಯ ಎಲೆಗಳನ್ನು ತೆಗೆಯುವುದು, ಆಹಾರದ ಪೊಟ್ಟಣಗಳನ್ನು ಕಾರಿನಲ್ಲಿ ಬಿಡದಿರುವುದು ಇದಕ್ಕೆ ಪೂರಕ.

ಕೆಲವು ನೂರು ರೂಪಾಯಿಗಳ ಫಿಲ್ಟರ್ ಮತ್ತು ದಿನಕ್ಕೆ ಐದು ನಿಮಿಷದ ಗಮನದಿಂದ ಸಾವಿರಾರು ರೂಪಾಯಿಗಳ ದುರಸ್ತಿಯನ್ನು ತಡೆಯಬಹುದೆಂಬುದು ವರ್ತಕರಿಗೆ ಬಿಡಿಸಿ ಹೇಳಬೇಕಾದ ಲೆಕ್ಕವಲ್ಲ. ಗೋದಾಮಿನಲ್ಲಿ ತೇವ ತಗುಲಿದ ಸರಕು ಕೆಡುತ್ತದೆಂದು ತಿಳಿದು ಮಳೆಗೆ ಮೊದಲೇ ಹಂಚು ಸರಿಪಡಿಸುವ ವ್ಯಾಪಾರಿಯು, ಅದೇ ಎಚ್ಚರವನ್ನು ತನ್ನ ವಾಹನದ ವಿಷಯದಲ್ಲಿಯೂ ತೋರಿಸಿದರೆ ಮುಂದಿನ ಮುಂಗಾರಿನಲ್ಲಿ ಚಾಲಕನೂ ಅತಿಥಿಯೂ ನೆಮ್ಮದಿಯಿಂದ ಉಸಿರಾಡಬಹುದು.